ಬ್ರೇಕ್ ಆಯಿಲ್: ನಮ್ಮ ಮಳೆಗೂ ಘಾಟಿಗೂ ಡಾಟ್ 3, 4, 5.1ರಲ್ಲಿ ಯಾವುದು ಸರಿ?

ಕೆಲವು ವರ್ಷದ ಹಿಂದೆ, ತುಲಾ ಸಂಕ್ರಮಣ ಕಳೆದ ವಾರ ಮನೆಯವರೆಲ್ಲ ತಲಕಾವೇರಿಗೆ ಹೋಗಿದ್ದೆವು. ಹಳೆ ಆಲ್ಟೊ, ಒಳಗೆ ಐದು ಜನ, ಹಿಂದೆ ತೀರ್ಥದ ಕ್ಯಾನ್. ಬರುವಾಗ ಭಾಗಮಂಡಲದಿಂದ ಕರಿಕೆ ದಾರಿ ಹಿಡಿದೆ. ಪಾಣತ್ತೂರಿಗೆ ಇಳಿಯುವ ಆ ದಾರಿ ಬರೀ ಕಾಡು, ತಿರುವಿನ ಮೇಲೆ ತಿರುವು. ನಾನು ಮೂರನೇ ಗೇರಿನಲ್ಲಿ, ಬ್ರೇಕ್ ಮೇಲಿಂದ ಕಾಲು ತೆಗೆಯದೆ ಇಳಿಯುತ್ತಿದ್ದೆ. ಒಂದು ತಿರುವಿನಲ್ಲಿ ಒತ್ತಿದ ಪೆಡಲ್ ಮೆತ್ತಗಾಗಿ ಅರ್ಧಕ್ಕಿಂತ ಕೆಳಗೆ ಹೋಯಿತು. ಕಾರು ನಿಲ್ಲಲಿಲ್ಲ. ಪೆಡಲನ್ನು ಬೇಗ ಬೇಗ ಒತ್ತಿ, ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹೇಗೋ ಧರೆಯ ಬದಿಗೆ ತಂದು ನಿಲ್ಲಿಸಿದೆ. ಹಿಂದೆ ಕೂತಿದ್ದ ಅಮ್ಮ ಮನೆ ಮುಟ್ಟುವವರೆಗೆ ಒಂದು ಮಾತೂ ಆಡಲಿಲ್ಲ.

ಮುಕ್ಕಾಲು ಗಂಟೆ ಅಲ್ಲೇ ಕಾದೆವು. ಆಮೇಲೆ ಒತ್ತಿ ನೋಡಿದರೆ ಪೆಡಲ್ ಮೊದಲಿನ ಹಾಗೆ ಗಟ್ಟಿ. ಉಳಿದ ಇಳಿಜಾರನ್ನು ಒಂದನೇ, ಎರಡನೇ ಗೇರಿನಲ್ಲೇ ಇಳಿದೆ. ಮರುದಿನ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಲ್ಲಿ ಮೆಕ್ಯಾನಿಕ್ ಹಿಂದಿನ ಚಕ್ರದ ನಿಪ್ಪಲ್ (ಆಯಿಲ್ ಹೊರಬಿಡುವ ಸಣ್ಣ ತಿರುಪು) ಸಡಿಲಿಸಿದರು. ಜೇನಿನ ಬಣ್ಣ ಇರಬೇಕಾದ ಆಯಿಲ್ ಕಾಫಿ ಡಿಕಾಕ್ಷನ್ನಿನ ಹಾಗೆ ಬಂತು. "ಅಣ್ಣ, ಇದನ್ನು ಬದಲಿಸಿ ಎಷ್ಟು ವರ್ಷ ಆಯ್ತು?" ಅಂತ ಕೇಳಿದರು. ಐದು ವರ್ಷ. ಪ್ರತಿ ಸರ್ವೀಸಿನಲ್ಲೂ ಬಿಲ್ಲಿನಲ್ಲಿ 'ಬ್ರೇಕ್ ಆಯಿಲ್' ಅಂತ ಇತ್ತು, ಆದರೆ ಅದು ಸುಮ್ನೆ ಮೇಲಿಂದ ತುಂಬಿಸಿದ್ದು. ಒಳಗಿನ ಹಳೆಯದು ಒಳಗೇ ಉಳಿದಿತ್ತು.

ಆ ದಿನದಿಂದ ಈ ವಿಷಯ ನನಗೆ ಹತ್ತಿರವಾಯಿತು. ಗುರುತಿನವರು ಕಾರು ಬೈಕಿನ ಬಗ್ಗೆ ಕೇಳಿದರೆ ಮೈಲೇಜ್ ಮಾತಿಗೆ ಮೊದಲು ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು ಅಂತ ಕೇಳುತ್ತೇನೆ.

ಕುದಿಯುವುದು ಯಾಕೆ?

ಪೆಡಲ್ ಒತ್ತಿದಾಗ, ಅದರ ತುದಿಗಿರುವ ಪಂಪಿನಂಥ ಮಾಸ್ಟರ್ ಸಿಲಿಂಡರಿನಿಂದ ಹೊರಟ ಒತ್ತಡ ಪೈಪಿನ ಒಳಗಿನ ದ್ರವದ ಮೂಲಕ ಚಕ್ರಕ್ಕೆ ಮುಟ್ಟುತ್ತದೆ. ದ್ರವ ಕುಗ್ಗುವುದಿಲ್ಲ, ಹಾಗಾಗಿ ಕಾಲಿನ ಬಲ ಪೂರ್ತಿ, ಡಿಸ್ಕನ್ನು ಹಿಡಿದು ನಿಲ್ಲಿಸುವ ಪ್ಯಾಡಿಗೆ ಹೋಗುತ್ತದೆ. ದ್ರವ ಕುದಿದು ಆವಿಯ ಗುಳ್ಳೆ ಬಂತೆಂದರೆ ಕಥೆ ಬೇರೆ. ಗುಳ್ಳೆ ಕುಗ್ಗುತ್ತದೆ. ನೀವು ಒತ್ತಿದ್ದೆಲ್ಲ ಗುಳ್ಳೆಯನ್ನು ಒತ್ತಿದ್ದೇ ಆಗುತ್ತದೆ, ಪ್ಯಾಡಿಗೆ ಏನೂ ಮುಟ್ಟುವುದಿಲ್ಲ. ತಣ್ಣಗಾದ ಮೇಲೆ ಆವಿ ಪುನಃ ದ್ರವವಾಗುತ್ತದೆ, ಪೆಡಲ್ ಗಟ್ಟಿಯಾಗುತ್ತದೆ. ಕರಿಕೆಯಲ್ಲಿ ಆದದ್ದು ಇದೇ.

ಶಾಖ ಎಷ್ಟು ಅಂತ ಒಂದು ಲೆಕ್ಕ ಹಾಕಿ ನೋಡಿದೆ. ಒಂದು ಟನ್ ತೂಕದ ಗಾಡಿ 1,000 ಮೀಟರ್ ಎತ್ತರದಿಂದ ಇಳಿದರೆ, ಆ ಇಳಿತದ ಶಕ್ತಿಯಲ್ಲಿ ಸುಮಾರು 33 ಲೀಟರ್ ನೀರನ್ನು 30 ಡಿಗ್ರಿಯಿಂದ ಕುದಿಯುವ ತನಕ ಕಾಯಿಸಬಹುದು. ಹೆಚ್ಚುಕಡಿಮೆ ಒಂದು ಬಚ್ಚಲ ಹಂಡೆ! ಮಡಿಕೇರಿ ಇರುವುದು 1,100 ಮೀಟರಿಗೂ ಜಾಸ್ತಿ ಎತ್ತರದಲ್ಲಿ. ಸಂಪಾಜೆ ಘಾಟಿ ಇಳಿದು ಸುಳ್ಯ, ಜಾಲ್ಸೂರು ದಾಟಿ ನಮ್ಮ ಕಡೆಗೆ ಬರುವಾಗ ಈ ಶಾಖವನ್ನು ಎಂಜಿನ್ನು, ಗಾಳಿ, ಬ್ರೇಕ್ ಮೂರೂ ಹಂಚಿಕೊಳ್ಳಬೇಕು. ಮೇಲಿನ ಗೇರಿನಲ್ಲಿ ಇಳಿದರೆ ಎಂಜಿನ್ನಿನ ಪಾಲೂ ಬ್ರೇಕಿನ ತಲೆಗೆ ಬರುತ್ತದೆ.

ಇನ್ನೊಂದು ಕಾರಣ ನೀರು. ಬ್ರೇಕ್ ಆಯಿಲಿನ ದರ್ಜೆಗಳಾದ ಡಾಟ್ 3, 4, 5.1 ಈ ಮೂರೂ ಗ್ಲೈಕಾಲ್ ಜಾತಿಯವು, ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಆಟಿ ತಿಂಗಳಲ್ಲಿ ಉಪ್ಪಿನ ಭರಣಿಗೆ ಏನಾಗುತ್ತದೆ ಅಂತ ನಮಗೆ ಗೊತ್ತು. ಹಲಸಿನ ಹಪ್ಪಳದ ಡಬ್ಬಿಯ ಮುಚ್ಚಳ ಒಂದು ರಾತ್ರಿ ಸರಿಯಾಗಿ ಕೂರದಿದ್ದರೆ ಬೆಳಿಗ್ಗೆ ಹಪ್ಪಳ ಚರ್ಮದ ಹಾಗೆ ಬಾಗುತ್ತದೆ. ಬ್ರೇಕ್ ಆಯಿಲ್ ಕೂಡ ಹಾಗೇ, ಸ್ವಲ್ಪ ನಿಧಾನ ಅಷ್ಟೆ. ಮುಚ್ಚಳದ ಮೂಲಕ, ರಬ್ಬರ್ ಹೋಸಿನ ಮೂಲಕ ತೇವ ಒಳಗೆ ಹೋಗುತ್ತಲೇ ಇರುತ್ತದೆ. ನೀರು ಸೇರಿದಷ್ಟೂ ಬೇಗ ಕುದಿಯುತ್ತದೆ, ಒಳಗಿನ ಲೋಹಕ್ಕೆ ತುಕ್ಕೂ ಹಿಡಿಯುತ್ತದೆ.

ಮೂರು ಡಾಟ್‌ಗಳನ್ನು ಪಕ್ಕಪಕ್ಕ ಇಟ್ಟರೆ

ಡಾಟ್ ಅನ್ನುವುದು ಅಮೆರಿಕದ ಸಾರಿಗೆ ಇಲಾಖೆಯ ಹೆಸರಿನ ಮೊದಲ ಅಕ್ಷರಗಳು. ಅವರ ಮಾನದಂಡದಲ್ಲಿ ಪ್ರತಿಯೊಂದಕ್ಕೂ ಎರಡು ಅಂಕಿ ಉಂಟು. ಹೊಸ ಆಯಿಲ್ ಕನಿಷ್ಠ ಎಷ್ಟು ಡಿಗ್ರಿಯ ತನಕ ಕುದಿಯಬಾರದು ಅನ್ನುವುದು ಒಂದು. ಸುಮಾರು 3.7 ಶೇಕಡಾ ನೀರು ಸೇರಿದ ಮೇಲೆ ಎಷ್ಟು ಅನ್ನುವುದು ಇನ್ನೊಂದು. ಅಂಗಡಿಯವರು ಹೇಳುವುದು ಹೆಚ್ಚಾಗಿ ಮೊದಲನೆಯದನ್ನು. ನಾವು ನೋಡಬೇಕಾದದ್ದು ಎರಡನೆಯದನ್ನು.

ಡಾಟ್ 3ಕ್ಕೆ ಹೊಸತರಲ್ಲಿ 205 ಡಿಗ್ರಿ ಸೆಲ್ಸಿಯಸ್, ನೀರು ಸೇರಿದ ಮೇಲೆ 140. ಡಾಟ್ 4ಕ್ಕೆ 230 ಮತ್ತು 155. ಡಾಟ್ 5.1ಕ್ಕೆ 260 ಮತ್ತು 180.

ಈ ಅಂಕಿಗಳನ್ನು ಇನ್ನೊಮ್ಮೆ ಓದಿ. ಹೊಸ ಡಾಟ್ 3 ಎಷ್ಟು? 205. ನೀರು ಕುಡಿದ ಡಾಟ್ 5.1 ಎಷ್ಟು? 180. ಅಂದರೆ ದುಬಾರಿ ಆಯಿಲ್ ಹಾಕಿಸಿ ಐದು ವರ್ಷ ಮರೆತವನಿಗಿಂತ, ಕಡಿಮೆ ಬೆಲೆಯದನ್ನು ಹಾಕಿಸಿ ಸಮಯಕ್ಕೆ ಸರಿಯಾಗಿ ಬದಲಿಸುವವನ ಬ್ರೇಕ್ ಗಟ್ಟಿ. ಯಾವ ಡಾಟ್ ಅನ್ನುವುದಕ್ಕಿಂತ ಎಷ್ಟು ಹೊಸತು ಅನ್ನುವುದು ದೊಡ್ಡದು. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುವ ನಮ್ಮ ಕಾಸರಗೋಡಿನಲ್ಲಂತೂ ಇದು ನೂರಕ್ಕೆ ನೂರು ಸತ್ಯ.

ಹಾಗಂತ ಯಾವುದಾದರೂ ಆದೀತು ಅಂತ ಅಲ್ಲ. ಮಾಸ್ಟರ್ ಸಿಲಿಂಡರಿನ ಮೇಲಿರುವ ಆಯಿಲ್ ಡಬ್ಬಿಯ ಮುಚ್ಚಳ ನೋಡಿ. ಯಾವ ಡಾಟ್ ಅಂತ ಅಲ್ಲೇ ಬರೆದಿರುತ್ತದೆ, ಅದು ನಿಮ್ಮ ಗಾಡಿಗೆ ಕನಿಷ್ಠ ಮಟ್ಟ. ಡಾಟ್ 3 ಅಂತ ಇದ್ದರೆ ಡಾಟ್ 4 ಹಾಕಬಹುದು. ಡಾಟ್ 4 ಅಂತ ಇದ್ದರೆ ಡಾಟ್ 3 ಹಾಕಬಾರದು. ಹಳೆಯ ಹಲವು ಮಾರುತಿ ಕಾರುಗಳಿಗೆ ಡಾಟ್ 3 ಸಾಕಾಗುತ್ತದೆ. ಈಗಿನ ಡಿಸ್ಕ್ ಬ್ರೇಕಿನ ಬೈಕುಗಳು ಹೆಚ್ಚಾಗಿ ಡಾಟ್ 4 ಕೇಳುತ್ತವೆ.

ಒಂದೇ ಹೆಸರು ಹೇಳಿ ಅಂದರೆ, ನಮ್ಮ ಕಡೆಯ ಮಾಮೂಲಿ ಕಾರಿಗೂ ಬೈಕಿಗೂ ನಾನು ಹೇಳುವುದು ಡಾಟ್ 4. ಚೆರ್ಕಳ, ಬದಿಯಡ್ಕ, ಕುಂಬಳೆ, ಉಪ್ಪಳ ಎಲ್ಲಿ ಬೇಕಾದರೂ ಸಿಗುತ್ತದೆ. ಬೆಲೆ ಡಾಟ್ 3ಕ್ಕಿಂತ ದೊಡ್ಡ ವ್ಯತ್ಯಾಸ ಏನಿಲ್ಲ. ಘಾಟಿಗೆ ಬೇಕಾದ ತಾಕತ್ತೂ ಉಂಟು.

ಡಾಟ್ 5.1 ಯಾರಿಗೆ? ಜನರನ್ನು ತುಂಬಿಸಿಕೊಂಡು ವಾರ ವಾರ ಮಡಿಕೇರಿ, ಸುಬ್ರಹ್ಮಣ್ಯ, ಧರ್ಮಸ್ಥಳ ಅಂತ ಬಾಡಿಗೆ ಹೋಗುವವರಿಗೆ, ಭಾರದ ಬೈಕಿನಲ್ಲಿ ಬೆಟ್ಟ ಸುತ್ತುವವರಿಗೆ ಅರ್ಥ ಉಂಟು. ಬೆಲೆ ಜಾಸ್ತಿ, ಸಿಗುವುದೂ ಕಡಿಮೆ. ನಮ್ಮೂರಿನಲ್ಲಿ ಸಿಗದೆ ಮಂಗಳೂರಿನಿಂದ ತರಿಸಬೇಕಾಗಬಹುದು. ಆ ದುಡ್ಡಿನಲ್ಲಿ ಡಾಟ್ 4 ಅನ್ನು ವರ್ಷಕ್ಕೊಮ್ಮೆ ಬದಲಿಸಿದರೆ ಫಲ ಅದಕ್ಕಿಂತ ಕಡಿಮೆ ಏನಲ್ಲ.

ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಸಿಕ್ಕಿಕೊಳ್ಳದ ಹಾಗೆ ನೋಡುವ ವ್ಯವಸ್ಥೆ) ಮತ್ತು ಇಎಸ್‌ಪಿ (ಗಾಡಿ ಅಡ್ಡ ಜಾರದ ಹಾಗೆ ನೋಡುವ ವ್ಯವಸ್ಥೆ) ಇರುವ ಕೆಲವು ಕಾರುಗಳು 'ಲೋ ವಿಸ್ಕಾಸಿಟಿ' ಡಾಟ್ 4 ಕೇಳುತ್ತವೆ. ಇದು ತೆಳ್ಳಗಿರುತ್ತದೆ, ಎಬಿಎಸ್ ಘಟಕದ ಸಣ್ಣ ಸಣ್ಣ ವಾಲ್ವ್‌ಗಳಲ್ಲಿ ಬೇಗ ಓಡಾಡುತ್ತದೆ. ನಿಮ್ಮ ಕಾರಿನ ಪುಸ್ತಕದಲ್ಲಿ ಇದನ್ನೇ ಬರೆದಿದ್ದರೆ ಅದನ್ನೇ ಹಾಕಿ, ಮಾಮೂಲಿ ಡಾಟ್ 4 ಬೇಡ.

ಇನ್ನು ರೇಸಿಂಗ್ ಆಯಿಲ್. 300 ಡಿಗ್ರಿ ದಾಟಿದರೂ ಕುದಿಯುವುದಿಲ್ಲ ಅಂತ ಡಬ್ಬಿ ಮೇಲೆ ಇರುತ್ತದೆ, ಅದು ನಿಜವೂ ಹೌದು. ಆದರೆ ಅದು ಪದೇ ಪದೇ ಬದಲಿಸುವವರಿಗಾಗಿ ಮಾಡಿದ್ದು. ದಿನಾ ತಲಪಾಡಿ ದಾಟಿ ಮಂಗಳೂರಿಗೆ ಕೆಲಸಕ್ಕೆ ಹೋಗುವ ಬೈಕಿಗೆ ಬೇಡ.

ಡಾಟ್ 5 ಅನ್ನುವ ಬಲೆ

4ಕ್ಕಿಂತ 5 ದೊಡ್ಡದು, ಹಾಗಾದರೆ ಇನ್ನೂ ಒಳ್ಳೆಯದು ಅಂತ ಅನಿಸುವುದು ಸಹಜ. ಆದರೆ ಡಾಟ್ 5 ಬೇರೆಯೇ ಜಾತಿ. ಅದು ಸಿಲಿಕೋನ್. 5.1ಕ್ಕೂ ಅದಕ್ಕೂ ಹೆಸರಲ್ಲಿ ಒಂದು ಚುಕ್ಕಿ, ಒಂದು ಅಂಕಿಯ ವ್ಯತ್ಯಾಸ. ಒಳಗಿನ ವಸ್ತುವಿನಲ್ಲಿ ಮಾತ್ರ ಎಣ್ಣೆಗೂ ನೀರಿಗೂ ಇರುವಷ್ಟು ದೂರ. ಸಿಲಿಕೋನ್ ನೀರನ್ನು ಹೀರುವುದಿಲ್ಲ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಒಳಗೆ ಹೋದ ನೀರು ಕರಗದೆ ತಗ್ಗಿನ ಜಾಗದಲ್ಲಿ, ಅಂದರೆ ಚಕ್ರದ ಹತ್ತಿರ ಪ್ಯಾಡನ್ನು ಒತ್ತುವ ಕ್ಯಾಲಿಪರಿನಲ್ಲೇ, ಹನಿಯಾಗಿ ಕೂರುತ್ತದೆ. ಅತಿ ಬಿಸಿಯಾಗುವ ಜಾಗವೂ ಅದೇ. ಆ ಹನಿ 100 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಸಿಲಿಕೋನಿನಲ್ಲಿ ಗಾಳಿಯ ಗುಳ್ಳೆಗಳೂ ಸುಲಭಕ್ಕೆ ಬಿಡುವುದಿಲ್ಲ, ಎಬಿಎಸ್ ಇರುವ ಗಾಡಿಗೆ ಅದು ಸೇರುವುದೇ ಇಲ್ಲ. ಗ್ಲೈಕಾಲ್ ಜೊತೆ ಬೆರೆಸಲೂಬಾರದು.

ಹಳೆಯ ಕೆಲವು ಹಾರ್ಲೆ ಡೇವಿಡ್ಸನ್ ಬೈಕುಗಳಿಗೆ ಡಾಟ್ 5 ಬರುತ್ತಿತ್ತು. ಅಂಥದ್ದು ನಿಮ್ಮಲ್ಲಿದ್ದರೆ ಮಾತ್ರ ಇದರ ಯೋಚನೆ. ಬಣ್ಣ ನೇರಳೆ ಇರುತ್ತದೆ, ಡಬ್ಬಿ ಮೇಲೆ ಸಿಲಿಕೋನ್ ಅಂತ ಬರೆದಿರುತ್ತದೆ. ಉಳಿದವರು ಕೈಗೆತ್ತಿಕೊಳ್ಳಲೇ ಬೇಡಿ.

ಎಂಜಿನ್ ಆಯಿಲ್, ಪವರ್ ಸ್ಟೇರಿಂಗ್ ಆಯಿಲ್ ಹನಿಯಷ್ಟೂ ಬ್ರೇಕ್ ಡಬ್ಬಿಗೆ ಬೀಳಬಾರದು. ಒಳಗಿನ ರಬ್ಬರ್ ಉಬ್ಬಿ ಹಾಳಾಗುತ್ತದೆ. ಬೇರೆ ಆಯಿಲ್ ಸುರಿದ ಅದೇ ಕೀಪನ್ನು ಇದಕ್ಕೆ ಬಳಸುವುದೂ ಬೇಡ.

ಕೊಳ್ಳುವಾಗ

ಸಣ್ಣ ಡಬ್ಬಿ ಕೊಳ್ಳಿ. ಬೈಕಿನ ಒಂದು ಬ್ರೇಕಿಗೆ 100 ಮಿಲಿ ಆಸುಪಾಸು ಸಾಕು, ಎರಡೂ ಬ್ರೇಕಿಗೆ 250ರ ಡಬ್ಬಿ ಧಾರಾಳ. ಕಾರಿಗೆ ಪೂರ್ತಿ ಬದಲಿಸಲು 500 ಮಿಲಿಯಿಂದ ಒಂದು ಲೀಟರ್. ಒಂದು ಲೀಟರಿನ ಡಬ್ಬಿ ಅಗ್ಗ ಬೀಳುತ್ತದೆ ಅಂತ ತಂದು, ಅರ್ಧ ಬಳಸಿ, ಉಳಿದದ್ದನ್ನು ಅಡಿಕೆ ಕೊಟ್ಟಿಗೆಯ ಅಟ್ಟದಲ್ಲಿ ಇಟ್ಟು ಮುಂದಿನ ವರ್ಷ ಹಾಕುವವರನ್ನು ನೋಡಿದ್ದೇನೆ. ಅದು ಹೊಸ ಆಯಿಲ್ ಅಲ್ಲ. ಒಂದು ಮಳೆಗಾಲ ಕುಡಿದ ಆಯಿಲ್.

ಗ್ಯಾರೇಜಿನಲ್ಲಿಯೂ ಅಷ್ಟೆ. ಮುಚ್ಚಳ ತೆರೆದು ಬೆಂಚಿನ ಮೇಲಿಟ್ಟ ಡಬ್ಬಿಯಿಂದ ಸುರಿಯಲು ಹೊರಟರೆ, "ಅಣ್ಣ, ಸೀಲ್ ಇರುವ ಡಬ್ಬಿ ನಾನೇ ತರುತ್ತೇನೆ" ಅಂತ ಮೆತ್ತಗೆ ಹೇಳಿ. ಒಳ್ಳೆ ಮೆಕ್ಯಾನಿಕ್ ಇದಕ್ಕೆ ಬೇಸರ ಮಾಡುವುದಿಲ್ಲ.

ತುಂಬಿಸುವುದೋ, ಎಳೆದು ತೆಗೆಯುವುದೋ, ಪೂರ್ತಿ ಬದಲಿಸುವುದೋ

ನನ್ನ ಅನುಭವದಲ್ಲಿ ಮೋಸ ಹೋಗುವ ಜಾಗ ಇದು. ಬಿಲ್ಲಿನಲ್ಲಿ ಮೂರಕ್ಕೂ ಒಂದೇ ಹೆಸರು.

ಮೇಲಿಂದ ತುಂಬಿಸುವುದು ಬದಲಿಸಿದ ಹಾಗಲ್ಲ. ಮಟ್ಟ ಇಳಿಯುವುದಕ್ಕೆ ಎರಡೇ ಕಾರಣ. ಪ್ಯಾಡ್ ಸವೆದಿರಬೇಕು, ಇಲ್ಲವೇ ಎಲ್ಲಿಯೋ ಸೋರುತ್ತಿರಬೇಕು. ಪ್ಯಾಡ್ ಸವೆದರೆ ಕ್ಯಾಲಿಪರಿನ ಪಿಸ್ಟನ್ ಹೊರಗೆ ಬರುತ್ತದೆ, ಆ ಜಾಗ ತುಂಬಲು ಆಯಿಲ್ ಕೆಳಗಿಳಿಯುತ್ತದೆ. ಆಗ ಮೇಲೆ ತುಂಬಿಸಿಟ್ಟರೆ, ಹೊಸ ಪ್ಯಾಡ್ ಹಾಕಲು ಪಿಸ್ಟನ್ ಒಳಗೆ ತಳ್ಳಿದ ದಿನ ಆಯಿಲ್ ಉಕ್ಕಿ ಪೈಂಟಿನ ಮೇಲೆ ಬೀಳುತ್ತದೆ. ಹಾಗಾಗಿ ಮಟ್ಟ ಇಳಿದದ್ದು ಕಂಡರೆ ಮೊದಲು ಪ್ಯಾಡ್ ನೋಡಿಸಿ, ನಾಲ್ಕೂ ಚಕ್ರದ ಒಳಬದಿ ಒದ್ದೆ ಉಂಟಾ ನೋಡಿಸಿ.

ಸಿರಿಂಜಿನಿಂದ ಮೇಲಿನ ಡಬ್ಬಿಯದ್ದನ್ನು ಮಾತ್ರ ಎಳೆದು ಹೊಸತು ಹಾಕುವುದು ಎರಡನೇ ರೀತಿ. ಐದು ನಿಮಿಷದ ಕೆಲಸ, ನೋಡಲು ಡಬ್ಬಿ ಹೊಳೆಯುತ್ತದೆ. ಆದರೆ ಕುದಿಯುವುದು ಡಬ್ಬಿಯಲ್ಲಿ ಅಲ್ಲ, ಚಕ್ರದ ಹತ್ತಿರ. ಅಲ್ಲಿ ಹಳೆಯದೇ ಇರುತ್ತದೆ.

ನಿಪ್ಪಲಿನಿಂದ ಹಳೆಯದು ಪೂರ್ತಿ ಹೊರಬಂದು ಹೊಸತು ಕಾಣುವ ತನಕ ಮಾಡುವುದೇ ನಿಜವಾದ ಬದಲಾವಣೆ. ಎರಡು ವರ್ಷಕ್ಕೊಮ್ಮೆ ಅಂತ ಹೆಚ್ಚಿನ ಕಂಪನಿಗಳು ಹೇಳುತ್ತವೆ. ನಾನು ಅದನ್ನೇ ಪಾಲಿಸುತ್ತೇನೆ, ಮಳೆಗಾಲ ಮುಗಿದು ಪ್ರಯಾಣ ಶುರುವಾಗುವ ಮೊದಲು, ಸೆಪ್ಟೆಂಬರ್ ಕೊನೆಗೆ. ಕಿಲೋಮೀಟರ್ ಓಡಲಿ, ಓಡದಿರಲಿ. ಗಲ್ಫಿನಲ್ಲಿರುವ ಮಗನ ಬೈಕು ಶೆಡ್ಡಿನಲ್ಲೇ ನಿಂತಿದ್ದರೂ ತೇವ ಹೀರುವುದು ನಿಲ್ಲುವುದಿಲ್ಲ.

ಬಣ್ಣ ನೋಡಿ ನಿರ್ಧರಿಸಬಹುದಾ? ಕಪ್ಪಾಗಿದ್ದರೆ ಬದಲಿಸಿ, ಸಂಶಯವೇ ಬೇಡ. ಆದರೆ ತಿಳಿಯಾಗಿದೆ ಅಂತ ಧೈರ್ಯ ಬೇಡ. ನೀರಿಗೆ ಬಣ್ಣ ಇಲ್ಲವಲ್ಲ.

ಮನೆಯಲ್ಲೋ, ಗ್ಯಾರೇಜಿನಲ್ಲೋ

ಎಬಿಎಸ್ ಇಲ್ಲದ ಬೈಕಿನ ಮುಂದಿನ ಬ್ರೇಕನ್ನು ಮನೆಯಂಗಳದಲ್ಲಿ ಬದಲಿಸಬಹುದು. ಮಳೆ ಇಲ್ಲದ ದಿನ ನೋಡಿ. ಬೇಕಾದದ್ದು ನಿಪ್ಪಲಿಗೆ ಹಿಡಿಸುವ ರಿಂಗ್ ಸ್ಪ್ಯಾನರ್, ಒಂದು ಮೊಳ ಪಾರದರ್ಶಕ ಟ್ಯೂಬ್, ಖಾಲಿ ಬಾಟಲಿ, ಹಳೆ ಬಟ್ಟೆ, ಒಂದು ಬಕೆಟ್ ನೀರು. ನೀರು ಮರೆಯಬೇಡಿ. ಬ್ರೇಕ್ ಆಯಿಲ್ ಪೈಂಟ್ ತಿನ್ನುತ್ತದೆ. ಹನಿ ಬಿದ್ದ ಕೂಡಲೇ ನೀರು ಹೊಯ್ದರೆ ತೊಳೆದು ಹೋಗುತ್ತದೆ. ಬರೀ ಒರೆಸಿದರೆ ಹರಡುತ್ತದೆ.

ಹ್ಯಾಂಡಲ್ ತಿರುಗಿಸಿ ಡಬ್ಬಿ ಸಮಮಟ್ಟಕ್ಕೆ ಬರುವ ಹಾಗೆ ಗಾಡಿ ನಿಲ್ಲಿಸಿ. ಟ್ಯಾಂಕಿನ ಮೇಲೆ ಬಟ್ಟೆ ಹೊದಿಸಿ. ಡಬ್ಬಿಯ ಸ್ಕ್ರೂಗಳು ಮೆದು, ಸರಿಯಾದ ಡ್ರೈವರ್ ಇಲ್ಲದಿದ್ದರೆ ತಲೆ ಸವೆದು ತಿರುಗುತ್ತವೆ. ಒತ್ತಿ ಹಿಡಿದು ತಿರುಗಿಸಿ. ನಿಪ್ಪಲಿನ ಸುತ್ತ ಹೈವೇ ಕೆಲಸದ ಕೆಂಪು ಮಣ್ಣು ಅಂಟಿಕೊಂಡಿರುತ್ತದೆ, ಬ್ರಷ್ ಹಾಕಿ ಮೊದಲು ಅದನ್ನು ತೆಗೆಯಿರಿ. ಆಮೇಲೆ ಸ್ಪ್ಯಾನರ್ ಹಾಕಿ, ಅದರ ಮೇಲೆ ಟ್ಯೂಬ್, ಟ್ಯೂಬಿನ ತುದಿ ಬಾಟಲಿಯಲ್ಲಿ ಸ್ವಲ್ಪ ಹೊಸ ಆಯಿಲ್ ಒಳಗೆ ಮುಳುಗಿರಲಿ.

ಈಗ ಲಯ ಹಿಡಿಯಬೇಕು. ಲಿವರ್ ಒತ್ತಿ ಹಿಡಿಯಿರಿ. ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿ. ಕಪ್ಪು ಆಯಿಲ್ ಟ್ಯೂಬಿಗೆ ಬರುತ್ತದೆ, ಲಿವರ್ ಹ್ಯಾಂಡಲಿನ ಕಡೆಗೆ ಹೋಗುತ್ತದೆ. ಲಿವರ್ ಬಿಡುವ ಮೊದಲೇ ನಿಪ್ಪಲ್ ಮುಚ್ಚಿ. ಆಮೇಲೆ ಬಿಡಿ. ಇದು ತಪ್ಪಿದರೆ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ನಾಲ್ಕೈದು ಸಲಕ್ಕೊಮ್ಮೆ ಮೇಲೆ ಹೊಸತು ತುಂಬಿಸಿ, ಡಬ್ಬಿ ಖಾಲಿಯಾಗಲು ಬಿಡಲೇಬೇಡಿ. ಕಪ್ಪು ಕಳೆದು, ಜೇನು ಬಣ್ಣದ ಗೆರೆ ಟ್ಯೂಬಿನಲ್ಲಿ ಇಳಿದು ಬರುವುದು ಕಣ್ಣಿಗೆ ಕಾಣುತ್ತದೆ. ಆಗ ಗೊತ್ತಾಗುತ್ತದೆ ಇಷ್ಟು ದಿನ ಯಾವುದನ್ನು ನಂಬಿ ಓಡಿಸುತ್ತಿದ್ದೆವು ಅಂತ. ನಿಪ್ಪಲನ್ನು ಜಾಸ್ತಿ ಬಿಗಿಯಬೇಡಿ, ಸಣ್ಣ ಸಾಮಾನು, ಮುರಿಯುತ್ತದೆ.

ಕಾರಿಗೆ ಇಬ್ಬರು ಬೇಕು. ಒಬ್ಬರು ಪೆಡಲಿಗೆ, ಒಬ್ಬರು ಚಕ್ರಕ್ಕೆ. ಸಾಮಾನ್ಯ ಕ್ರಮ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರು, ಅಂದರೆ ನಮ್ಮ ಗಾಡಿಗಳಲ್ಲಿ ಹಿಂದಿನ ಎಡ. ಕೆಲವು ಕಾರಿಗೆ ಕ್ರಮ ಬೇರೆ, ಪುಸ್ತಕ ನೋಡಿ. ಹಳೆ ಕಾರಾದರೆ ಪೆಡಲಿನ ಕೆಳಗೆ ಒಂದು ಮರದ ತುಂಡು ಇಡಿ, ಪೆಡಲ್ ನೆಲದವರೆಗೆ ಹೋಗಬಾರದು. ಹೋದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೀಲ್ ಯಾವತ್ತೂ ಮುಟ್ಟದ ಭಾಗಕ್ಕೆ ತಲುಪುತ್ತದೆ, ಅಲ್ಲಿ ತುಕ್ಕು ಇದ್ದರೆ ಸೀಲ್ ಹರಿಯುತ್ತದೆ. ಹೈಡ್ರಾಲಿಕ್ ಕ್ಲಚ್ ಇರುವ ಹಲವು ಕಾರುಗಳಲ್ಲಿ ಕ್ಲಚ್ಚಿಗೂ ಅದೇ ಡಬ್ಬಿಯಿಂದ ಆಯಿಲ್ ಹೋಗುತ್ತದೆ. ಆ ಲೈನನ್ನೂ ಬದಲಿಸಲು ಹೇಳಿ, ಹೆಚ್ಚಿನವರು ಬಿಡುತ್ತಾರೆ.

ಎಬಿಎಸ್ ಗಾಡಿಯಾದರೆ ನನ್ನ ಮಾತು ಗ್ಯಾರೇಜಿಗೇ. 2019ರ ಏಪ್ರಿಲ್‌ನಿಂದ 125 ಸಿಸಿ ದಾಟಿದ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯ, ಹಾಗಾಗಿ ಈಗಿನ ಬೈಕುಗಳಲ್ಲಿ ಇದು ಮಾಮೂಲು. ಡಬ್ಬಿ ಖಾಲಿಯಾಗದ ಹಾಗೆ ಬದಲಿಸಿದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೆ ಗಾಳಿ ಎಬಿಎಸ್ ಘಟಕದ ಒಳಗೆ ಹೋದರೆ, ತೆಗೆಯಲು ಹಲವು ಗಾಡಿಗಳಿಗೆ ಸ್ಕ್ಯಾನರ್ ಹಾಕಿ ಅದರ ಪಂಪ್ ಓಡಿಸಬೇಕು. ಅದು ಮನೆಯಲ್ಲಿ ಇಲ್ಲ. ಗ್ಯಾರೇಜಿಗೆ ಕೊಟ್ಟರೂ ಪಕ್ಕದಲ್ಲಿ ನಿಂತು ನೋಡಿ, ತೆಗೆದ ಹಳೆ ಆಯಿಲ್ ತೋರಿಸಲು ಹೇಳಿ. ಅರ್ಧ ಬಾಟಲಿಯೂ ತೋರಿಸದಿದ್ದರೆ ಬದಲಾದದ್ದು ಡಬ್ಬಿಯದ್ದು ಮಾತ್ರ.

ಬ್ರೇಕ್ ಸರಿ ಇಲ್ಲ ಅಂದಾಗಲೆಲ್ಲ ಆಯಿಲ್ ಅಲ್ಲ

ಪೆಡಲ್ ಗಟ್ಟಿ ಇದ್ದೂ ಗಾಡಿ ನಿಲ್ಲದಿದ್ದರೆ ಪ್ಯಾಡ್ ಕಾದಿರಬಹುದು, ಇಲ್ಲವೇ ಮಳೆಗೆ ಡಿಸ್ಕ್ ಒದ್ದೆಯಾಗಿರಬಹುದು. ಒದ್ದೆ ಡಿಸ್ಕ್ ಒಂದೆರಡು ಸಲ ಮೆತ್ತಗೆ ಒತ್ತಿದರೆ ಒಣಗುತ್ತದೆ. ಪೆಡಲ್ ಯಾವಾಗಲೂ ಸ್ಪಂಜಿನ ಹಾಗಿದ್ದರೆ ಲೈನಿನಲ್ಲಿ ಗಾಳಿ ಉಂಟು. ಒತ್ತಿ ಹಿಡಿದಾಗ ನಿಧಾನಕ್ಕೆ ಇಳಿಯುತ್ತಾ ಹೋದರೆ ಸೋರುತ್ತಿರಬಹುದು, ಇಲ್ಲವೇ ಮಾಸ್ಟರ್ ಸಿಲಿಂಡರಿನ ಸೀಲ್ ಹೋಗಿರಬಹುದು. ಆ ಗಾಡಿಯನ್ನು ಓಡಿಸಲೇಬೇಡಿ. ಇಳಿಜಾರಿನಲ್ಲಿ ಮಾತ್ರ ಮೆತ್ತಗಾಗಿ, ತಣ್ಣಗಾದ ಮೇಲೆ ಸರಿಯಾದರೆ, ಅದು ಆಯಿಲ್.

ತೆಗೆದ ಹಳೆಯದು ವಿಷ. ನೀರಿನ ಬಾಟಲಿಯಲ್ಲಿ ತುಂಬಿಸಿ ಇಡಬೇಡಿ, ಮಕ್ಕಳು ಕುಡಿದಾರು. ತೋಟದ ಬದಿಗೂ ಚೆಲ್ಲಬೇಡಿ. ಬಾವಿ, ಸುರಂಗದ ನೀರು ಕುಡಿಯುವ ಊರು ನಮ್ಮದು, ಈ ಮುರಕಲ್ಲಿನ ನೆಲದಲ್ಲಿ ಸುರಿದದ್ದು ಕೆಳಗೆ ಇಳಿದೇ ಇಳಿಯುತ್ತದೆ. ಹಳೆ ಎಂಜಿನ್ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿನಲ್ಲಿ ಕೇಳಿ, ಬೇರೆ ಬಾಟಲಿಯಲ್ಲಿ ಕೊಡಿ.

ಕೆಲಸ ಮುಗಿದ ಮೇಲೆ ಎಂಜಿನ್ ಆನ್ ಮಾಡಿ ಪೆಡಲ್ ಒತ್ತಿ ನೋಡಿ. ಅಂಗಳದಲ್ಲೇ ನಡೆಯುವ ವೇಗದಲ್ಲಿ ನಾಲ್ಕು ಸಲ ನಿಲ್ಲಿಸಿ, ಆಮೇಲೆ ರಸ್ತೆಗೆ. ಡಬ್ಬಿಯ ಪಕ್ಕ ಒಂದು ತುಂಡು ಟೇಪ್ ಅಂಟಿಸಿ ತಿಂಗಳು, ವರ್ಷ ಬರೆದಿಡಿ. ನಮ್ಮ ಆಲ್ಟೊದಲ್ಲಿ ಅಂಥ ಟೇಪ್ ಒಂದರ ಮೇಲೊಂದು ಮೂರು ಉಂಟು, ಕೊನೆಯದನ್ನು ಬರೆದದ್ದು ಅಮ್ಮ.